ಕೆಳರೆಪ್ಪೆಯ ನೋಟವೂ ಬಸುರಿಯ ರಕ್ತವೂ

ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಬಳಿ ಅಲುಗಿಸಿ, ಒಡೆಯದೆಯೇ ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಹೇಳಬಲ್ಲ ಹಿರಿಯರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಈಗಲೂ ಇದ್ದಾರೆ. ಬಸುರಿಯ ರಕ್ತವನ್ನೂ ಹಿಂದೆ ಹೀಗೆ ಹೊರಗಿನಿಂದಲೇ ಅಳೆಯುತ್ತಿದ್ದರು. ಸೂಲಗಿತ್ತಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಉಗುರು ನೋಡಿ, "ಹುಡುಗಿ ಬಿಳಿಚಿಕೊಂಡಿದ್ದಾಳೆ" ಎನ್ನುತ್ತಿದ್ದಳು. ಆ ನೋಟವನ್ನು ನಾನು ಹಳಿಯಲಾರೆ. ವೈದ್ಯರೂ ಇಂದಿಗೂ ರೆಪ್ಪೆ ನೋಡುತ್ತಾರೆ. ಆದರೆ ರಕ್ತ ಬಹಳ ಇಳಿದ ಮೇಲಷ್ಟೇ ಅದು ಕಣ್ಣಿಗೆ ಕಾಣುವುದು. ಅಂಥ ದೇಹ ಹೆರಿಗೆಯ ರಕ್ತಸ್ರಾವವನ್ನು ತಾಳಿಕೊಳ್ಳುವುದು ಕಷ್ಟ.

ಅಳತೆಗೆ ಸುಲಭ ಸಾಧನವೊಂದನ್ನು 1902ರಲ್ಲಿ ಕೊಟ್ಟವನು ಸ್ವಿಟ್ಜರ್‌ಲೆಂಡಿನ ವೈದ್ಯ ಸಾಹ್ಲಿ. ಬೆರಳಿನಿಂದ ತೆಗೆದ ರಕ್ತವನ್ನು ತೆಳು ಆಮ್ಲದಲ್ಲಿ ಬೆರೆಸಿ, ಕಂದು ಬಣ್ಣವು ಪಕ್ಕದ ಗಾಜಿನ ಬಣ್ಣಕ್ಕೆ ಹೊಂದುವವರೆಗೆ ಹನಿಹನಿಯಾಗಿ ನೀರು ಹಾಕುವುದು. ಅಲ್ಲಿಯೂ ನಂಬಬೇಕಾದದ್ದು ಕಣ್ಣನ್ನೇ, ಆದರೂ ಕೊನೆಗೆ ಒಂದು ಅಂಕಿ ಸಿಗುತ್ತಿತ್ತು.

ಚಿಕಿತ್ಸೆಯ ಕಥೆ ಇನ್ನೂ ಸ್ವಾರಸ್ಯಕರ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿ ಬಡ ಬಸುರಿಯರನ್ನು, ಅದರಲ್ಲೂ ಜವಳಿ ಗಿರಣಿಗಳಲ್ಲಿ ದುಡಿಯುವವರನ್ನು, ವಿಚಿತ್ರ ರಕ್ತಹೀನತೆಯೊಂದು ಬಲಿ ತೆಗೆದುಕೊಳ್ಳುತ್ತಿತ್ತು. ರಕ್ತಕಣಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ವಿಲ್ಸ್ ಅವರು ಸೋಂಕನ್ನು ಹುಡುಕಿದರು, ಸಿಗಲಿಲ್ಲ. ಆ ಹೆಂಗಸರ ತಟ್ಟೆಯನ್ನು ನೋಡಿದರು. ಅಂಥದೇ ಬಡ ಆಹಾರವನ್ನು ಕೋತಿಗಳಿಗೆ ಕೊಟ್ಟಾಗ ಅವಕ್ಕೂ ರಕ್ತ ಇಳಿಯಿತು. ಅಗ್ಗದ ಯೀಸ್ಟ್ ಸಾರವಾದ ಮಾರ್ಮೈಟ್ ಕೊಟ್ಟಾಗ ಚೇತರಿಸಿಕೊಂಡವು, ತಾಯಂದಿರೂ ಚೇತರಿಸಿಕೊಂಡರು. 1931ರಲ್ಲಿ ಇದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದದ್ದು ಏನೆಂಬುದು ಆಗ ಅವರಿಗೂ ತಿಳಿದಿರಲಿಲ್ಲ. 1941ರಲ್ಲಿ ಅಮೆರಿಕೆಯ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಕರೆದರು. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಂದಾಳು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್!

1970ರಲ್ಲಿ ಭಾರತ ಸರ್ಕಾರ ಬಸುರಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೂಡಿದ ಮಾತ್ರೆಯನ್ನು ನೂರು ದಿನ ಕೊಡಲು ತೊಡಗಿತು. ಈಗ 180 ದಿನ. ಆದರೂ 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರು. ಮಾತ್ರೆ ಮನೆಗೆ ಬರುತ್ತದೆ, ಹೊಟ್ಟೆಗೆ ಹೋಗುವುದಿಲ್ಲ. ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಅತ್ತೆ ಹೆದರಿಸುತ್ತಾರೆ. "ಮುದ್ದೆ ಉಣ್ಣುವವಳಿಗೆ ರಕ್ತ ಕಡಿಮೆಯೇ?" ಎಂಬುದು ನಮ್ಮ ಸೀಮೆಯ ವಾದ. ರಾಗಿಯಲ್ಲಿ ಕಬ್ಬಿಣವಿದೆ ನಿಜ. ಅದು ದೇಹಕ್ಕೆ ಹಿಡಿಯುವುದು ಸ್ವಲ್ಪವೇ. ನಿಂಬೆರಸವಿದ್ದರೆ ಹೆಚ್ಚು ಹಿಡಿಯುತ್ತದೆ, ಊಟದ ಬೆನ್ನಿಗೇ ಕುಡಿದ ಕಾಫಿ, ಟೀ ಅದನ್ನು ತಡೆಯುತ್ತದೆ. ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದರೆ ಕೊಕ್ಕೆಹುಳು ಹೊಕ್ಕು ಕರುಳಿನಲ್ಲಿ ಕುಳಿತು ರಕ್ತ ಹೀರುವುದೂ ಉಂಟು.

ಬಸುರಿಗೆ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕು. 7ಕ್ಕಿಂತ ಇಳಿದರೆ ಆಸ್ಪತ್ರೆಯೇ ಗತಿ. ಆ ಅಂಕಿ ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಸೀಮಂತಕ್ಕೆ ಕರೆದಾಗ ನಾನು ಮೊದಲು ಕೇಳುವುದು ಅದನ್ನೇ. ಹಳೆಯ ವಿದ್ಯಾರ್ಥಿನಿಯರು ಮೇಷ್ಟ್ರ ಹಳೇ ಚಾಳಿಯೆಂದು ನಗುತ್ತಾರೆ, ನಗುತ್ತಲೇ ಕಾರ್ಡು ತಂದು ತೋರಿಸುತ್ತಾರೆ.