ಸನ್ನದು ಸಿಕ್ಕ ಮೇಲಿನ ಓದು

2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 302 ಎಂದರೆ ಕೊಲೆ, 420 ಎಂದರೆ ಮೋಸ ಎಂಬುದು ಕೋರ್ಟಿನ ಮೆಟ್ಟಿಲು ಹತ್ತದವರಿಗೂ ಬಾಯಿಪಾಠವಾಗಿತ್ತು. ಈಗ ಕೊಲೆ 103ಕ್ಕೆ ಹೋಗಿದೆ, ಮೋಸ 318ರ ನಾಲ್ಕನೇ ಉಪಕಲಮಿಗೆ. 511 ಕಲಮುಗಳ ಜಾಗದಲ್ಲಿ 358 ಕಲಮುಗಳು. ಅದೇ ದಿನ ದಂಡ ಪ್ರಕ್ರಿಯಾ ಸಂಹಿತೆಯೂ ಸಾಕ್ಷ್ಯ ಅಧಿನಿಯಮವೂ ಬದಲಾದವು. ಪೊಲೀಸರಿಗೆ ತರಬೇತಿ ನಡೆಯಿತು, ನ್ಯಾಯಾಧೀಶರಿಗೆ ನ್ಯಾಯಾಂಗ ಅಕಾಡೆಮಿಗಳಲ್ಲಿ ಪಾಠವಾಯಿತು, ಕಾನೂನು ಕಾಲೇಜುಗಳ ಪಠ್ಯ ಬದಲಾಯಿತು. ವಕೀಲರು? ಕೆಲವು ವಕೀಲರ ಸಂಘಗಳು ಉಪನ್ಯಾಸ ಏರ್ಪಡಿಸಿದವು, ಬಂದವರು ಬಂದರು. ಉಳಿದವರು ಹೊಸ ಬೇರ್ ಆ್ಯಕ್ಟ್ (ಕಾಯಿದೆಯ ಬರೀ ಮೂಲಪಾಠ) ಕೊಂಡು, ಹಳೆಯ ಕಲಮಿನ ಎದುರಿಗೆ ಹೊಸ ಕಲಮು ಬರೆದ ಪಟ್ಟಿಯೊಂದನ್ನು ಮೊಬೈಲಿಗೆ ಇಳಿಸಿಕೊಂಡು ಕೆಲಸ ಮುಂದುವರಿಸಿದರು. ಓದಲೇಬೇಕು ಎಂದು ಅವರಿಗೆ ಹೇಳುವ ನಿಯಮ ನಮ್ಮಲ್ಲಿಲ್ಲ.

ಇಂಥ ನಿಯಮ ಅಮೆರಿಕದಲ್ಲಿ ಬಂದು ಐವತ್ತು ವರ್ಷವಾಯಿತು. ಆದರೆ ಅಲ್ಲಿಯೂ ಕಲಿಕೆ ಮೊದಲು ಬಂತು, ಕಡ್ಡಾಯ ಆಮೇಲೆ. ಆರ್ಥಿಕ ಕುಸಿತದ ದಿನಗಳಲ್ಲಿ, 1933ರಲ್ಲಿ, ಹೆರಾಲ್ಡ್ ಸೆಲಿಗ್ಸನ್ ಎಂಬ ವಕೀಲರು ನ್ಯೂಯಾರ್ಕಿನಲ್ಲಿ ಪ್ರಾಕ್ಟಿಸಿಂಗ್ ಲಾ ಇನ್‌ಸ್ಟಿಟ್ಯೂಟ್ ಶುರುಮಾಡಿದರು. ಕಾಲೇಜು ಸಿದ್ಧಾಂತ ಕಲಿಸಿ ಕಳಿಸುತ್ತದೆ, ಕಕ್ಷಿದಾರ ಎದುರು ಬಂದು ಕೂತಾಗ ಏನು ಮಾಡಬೇಕೆಂದು ಹೇಳಿಕೊಡುವುದಿಲ್ಲ ಎಂಬ ದೂರಿಗೆ ಅದು ಉತ್ತರವಾಗಿತ್ತು. ಎರಡನೇ ಮಹಾಯುದ್ಧ ಮುಗಿದು ಸೇನೆಯಿಂದ ಮರಳಿದ ವಕೀಲರಿಗೆ ತಾವು ಬಿಟ್ಟುಹೋದ ಕಾನೂನು ಅಲ್ಲಿಯೇ ನಿಂತಿರಲಿಲ್ಲ ಎಂದು ಗೊತ್ತಾಯಿತು. 1947ರಲ್ಲಿ ಅಮೆರಿಕನ್ ಲಾ ಇನ್‌ಸ್ಟಿಟ್ಯೂಟ್ ಮತ್ತು ಅಮೆರಿಕನ್ ಬಾರ್ ಅಸೋಸಿಯೇಷನ್ ಜೊತೆಗೂಡಿ ಈ ಶಿಕ್ಷಣಕ್ಕೆಂದೇ ಒಂದು ಸಮಿತಿ ಕಟ್ಟಿದವು. 1958ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಆರ್ಡನ್ ಹೌಸ್‌ನಲ್ಲಿ ಸೇರಿದ ಸಮ್ಮೇಳನ, ಬರೀ ಕಸುಬಿನ ಜಾಣತನ ಕಲಿಸಿದರೆ ಸಾಲದು, ವೃತ್ತಿಯ ಹೊಣೆಗಾರಿಕೆಯನ್ನೂ ಕಲಿಸಬೇಕು ಎಂದಿತು. ಇಷ್ಟೆಲ್ಲ ಆದರೂ ಬರುತ್ತಿದ್ದವರು ಬರಬೇಕೆನಿಸಿದವರು ಮಾತ್ರ. ಯಾರಿಗೆ ಪಾಠ ನಿಜವಾಗಿ ಬೇಕಿತ್ತೋ ಅವರು ಆ ಕಡೆ ತಲೆಹಾಕುತ್ತಿರಲಿಲ್ಲ.

1973ರಲ್ಲಿ ಅಮೆರಿಕದ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣ ವಕೀಲರನ್ನು ಕೆರಳಿಸಿತು. ಗಂಭೀರ ಮೊಕದ್ದಮೆ ನಡೆಸುವವರಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಮಂದಿಗೆ ಅದಕ್ಕೆ ಬೇಕಾದ ಯೋಗ್ಯತೆಯೇ ಇಲ್ಲ ಎಂಬುದು ಅವರ ಅಂದಾಜು. ಅದೇ ಹೊತ್ತಿಗೆ ವಾಟರ್‌ಗೇಟ್ ಹಗರಣ. ಅಧ್ಯಕ್ಷ ನಿಕ್ಸನ್, ಅಟಾರ್ನಿ ಜನರಲ್ ಆಗಿದ್ದ ಜಾನ್ ಮಿಚೆಲ್, ಶ್ವೇತಭವನದ ವಕೀಲ ಜಾನ್ ಡೀನ್, ಎಲ್ಲರೂ ಕಾನೂನು ಓದಿದವರೇ. ವೃತ್ತಿಯ ಮಾನ ಬೀದಿಗೆ ಬಂದಿದ್ದ ಆ ಹೊತ್ತಿನಲ್ಲಿ, 1975ರಲ್ಲಿ, ಮಿನ್ನೆಸೋಟ ಮತ್ತು ಅಯೋವ ರಾಜ್ಯಗಳು ಮೊದಲ ಹೆಜ್ಜೆ ಇಟ್ಟವು. ಸನ್ನದು ಉಳಿಯಬೇಕಾದರೆ ಇಷ್ಟು ಗಂಟೆ ತರಗತಿಯಲ್ಲಿ ಕೂತಿರಬೇಕು ಎಂಬುದು ನಿಯಮ. ಮಿನ್ನೆಸೋಟದಲ್ಲಿ ಮೂರು ವರ್ಷಕ್ಕೆ 45 ಗಂಟೆ. ಅಲ್ಲಿಂದ ಒಂದೊಂದೇ ರಾಜ್ಯ ಸೇರುತ್ತ ಹೋಗಿ, ಇವತ್ತು ನಲವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಈ ನಿಯಮವಿದೆ. ಮ್ಯಾಸಚೂಸೆಟ್ಸ್, ಸೌತ್ ಡಕೋಟದಂಥ ಕೆಲವು ಮಾತ್ರ ಹೊರಗುಳಿದಿವೆ. ಅಲ್ಲಿನ ವಕೀಲರು ಉಳಿದವರಿಗಿಂತ ದಡ್ಡರು ಎಂದು ಯಾರೂ ಹೇಳಿದ್ದು ಕೇಳಿಲ್ಲ.

ಗಂಟೆಯೇ ಅಳತೆಯಾದದ್ದೇಕೆ? ಎಣಿಸಲು ಸುಲಭ, ಅಷ್ಟೇ. ವಕೀಲರೊಬ್ಬರು ಪಾಟೀಸವಾಲು ಚೆನ್ನಾಗಿ ಮಾಡುತ್ತಾರೋ ಇಲ್ಲವೋ ಎಂದು ಅಳೆಯಲು ಯಾವ ಸಮಿತಿಗೂ ಧೈರ್ಯವಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಇದೆಯೋ ಎಂದು ನೋಡುವುದು ಗುಮಾಸ್ತರಿಂದಲೂ ಆಗುವ ಕೆಲಸ. ಪರೀಕ್ಷೆ ಎಂದಿದ್ದರೆ ವಕೀಲರು ಒಪ್ಪುತ್ತಿರಲಿಲ್ಲ. ತರಗತಿ ಎಂದರೆ ಗೊಣಗುತ್ತ ಒಪ್ಪಿದರು. ಈ ರಾಜಿಯಲ್ಲಿ ಹುಟ್ಟಿದ ಕ್ಷೇತ್ರ ಇವತ್ತಿಗೂ ಅದರಿಂದ ಬಿಡಿಸಿಕೊಂಡಿಲ್ಲ.

ಒಪ್ಪದವರೂ ಇದ್ದರು. ಕೊಲರಾಡೊದ ವಕೀಲರೊಬ್ಬರು ಎಂಬತ್ತರ ದಶಕದ ಆರಂಭದಲ್ಲೇ ಈ ಕಡ್ಡಾಯ ಸಂವಿಧಾನಕ್ಕೆ ವಿರುದ್ಧವೆಂದು ಫೆಡರಲ್ ಕೋರ್ಟಿಗೆ ಹೋಗಿ ಸೋತರು. ಕ್ಯಾಲಿಫೋರ್ನಿಯದಲ್ಲಿ ವಾರ್ಡನ್ ಎಂಬ ವಕೀಲರು ಹೂಡಿದ ಮೊಕದ್ದಮೆ ಇನ್ನೂ ಸ್ವಾರಸ್ಯದ್ದು. 1989ರಲ್ಲಿ ಕಾಯಿದೆ ಮಾಡಿ 1992ರಿಂದ ಮೂರು ವರ್ಷಕ್ಕೆ 36 ಗಂಟೆ ಕಡ್ಡಾಯ ಮಾಡಿದ ಆ ರಾಜ್ಯ, ನಿವೃತ್ತ ನ್ಯಾಯಾಧೀಶರು, ಕಾನೂನು ಪ್ರಾಧ್ಯಾಪಕರು ಮತ್ತು ಚುನಾಯಿತ ಅಧಿಕಾರಸ್ಥರಿಗೆ ವಿನಾಯಿತಿ ಕೊಟ್ಟಿತು. ಶಾಸಕರಿಗೆ ಬೇಡವಾದ ಓದು ನಮಗೆ ಮಾತ್ರ ಏಕೆ ಎಂಬುದು ವಾರ್ಡನ್ ಅವರ ವಾದ. ಮೇಲ್ಮನವಿ ನ್ಯಾಯಾಲಯ ಅವರ ಮಾತು ಒಪ್ಪಿ ಇಡೀ ಯೋಜನೆಯನ್ನೇ ರದ್ದುಮಾಡಿತು. 1999ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ ಯೋಜನೆಯನ್ನು ಉಳಿಸಿತು. ವಾರ್ಡನ್ ಸೋತರು, ಆದರೆ ಅದೇ ಹೊತ್ತಿಗೆ 36 ಗಂಟೆ 25ಕ್ಕೆ ಇಳಿಯಿತು. ನ್ಯೂಯಾರ್ಕ್ ತಡವಾಗಿ, 1998ರ ಕೊನೆಗೆ, ಎರಡು ವರ್ಷಕ್ಕೆ 24 ಗಂಟೆಯ ನಿಯಮ ತಂದಿತು. ಹೊಸದಾಗಿ ಸನ್ನದು ಪಡೆದವರಿಗೆ ಮೊದಲ ಎರಡು ವರ್ಷದಲ್ಲಿ 32.

ಕಡ್ಡಾಯವಾದೊಡನೆ ಮಾರುಕಟ್ಟೆ ಹುಟ್ಟಿತು. ಹಿಮದ ಬೆಟ್ಟಗಳಲ್ಲಿ ಬೆಳಿಗ್ಗೆ ಪಾಠ, ಮಧ್ಯಾಹ್ನ ಸ್ಕೀಯಿಂಗ್. ಹಡಗಿನಲ್ಲಿ ವಿಹಾರದ ನಡುವೆ ತೆರಿಗೆ ಕಾನೂನು. ಆನ್‌ಲೈನ್ ಬಂದ ಮೇಲೆ ಪ್ರವಾಸವೂ ಬೇಕಿಲ್ಲ. ವಿಡಿಯೊ ಓಡುತ್ತಿರುತ್ತದೆ, ನಡುವೆ ಎಲ್ಲೋ ಪರದೆಯ ಮೇಲೆ ಒಂದು ಸಂಕೇತಪದ ಮೂಡುತ್ತದೆ, ಅದನ್ನು ಬರೆದಿಟ್ಟುಕೊಂಡು ಕೊನೆಗೆ ನಮೂನೆಯಲ್ಲಿ ತುಂಬಿದರೆ ಹಾಜರಿ ಸಿಗುತ್ತದೆ. ವಕೀಲರು ಪಕ್ಕದ ಕಿಟಕಿಯಲ್ಲಿ ದಾವೆಯ ಕರಡು ತಿದ್ದುತ್ತ, ಸಂಕೇತಪದ ಬರುವ ಹೊತ್ತಿಗೆ ಮಾತ್ರ ಈ ಕಡೆ ಕಣ್ಣು ಹಾಯಿಸಿದರೂ ಹಾಜರಿಗೆ ಕೊರತೆಯಿಲ್ಲ. ಹಾಗೆಂದು ಎಲ್ಲವೂ ನಾಟಕವಲ್ಲ. 2012ರಲ್ಲಿ ಅಮೆರಿಕನ್ ಬಾರ್ ಅಸೋಸಿಯೇಷನ್ ತನ್ನ ಮಾದರಿ ನಿಯಮದ ವಿವರಣೆಯಲ್ಲಿ, ತಂತ್ರಜ್ಞಾನದ ಲಾಭ ಅಪಾಯಗಳನ್ನು ತಿಳಿದಿರುವುದೂ ವಕೀಲರ ಯೋಗ್ಯತೆಯ ಭಾಗ ಎಂದು ಸೇರಿಸಿತು. ಫ್ಲಾರಿಡ 2017ರಿಂದ ತಂತ್ರಜ್ಞಾನಕ್ಕೆ 3 ಗಂಟೆ ಮೀಸಲಿಟ್ಟಿತು, ನ್ಯೂಯಾರ್ಕ್ 2023ರ ಜುಲೈಯಿಂದ ಸೈಬರ್ ಸುರಕ್ಷೆಗೆ ಒಂದು ಗಂಟೆ. ಕಕ್ಷಿದಾರರ ಗುಟ್ಟೆಲ್ಲ ಮೇಲ್ ಬಾಕ್ಸಿನಲ್ಲಿ ಇಟ್ಟುಕೊಂಡವರಿಗೆ ಅದು ಅತಿಯಾಯಿತು ಎನ್ನಲಾಗದು.

ಇಂಗ್ಲೆಂಡ್ ಮಾತ್ರ ಎಣಿಕೆಯನ್ನೇ ಕೈಬಿಟ್ಟಿತು. ಎಂಬತ್ತರ ದಶಕದ ನಡುವಿನಿಂದ ಸಾಲಿಸಿಟರುಗಳಿಗೆ ಶುರುವಾಗಿ ಕ್ರಮೇಣ ಎಲ್ಲರಿಗೂ ಹಬ್ಬಿದ ವರ್ಷಕ್ಕೆ 16 ಗಂಟೆಯ ನಿಯಮವನ್ನು 2016ರ ನವೆಂಬರಿನಲ್ಲಿ ತೆಗೆದುಹಾಕಿದರು. ಈಗ ಸಾಲಿಸಿಟರ್ ತನ್ನ ಕೆಲಸವನ್ನು ತಾನೇ ವಿಮರ್ಶಿಸಿಕೊಂಡು, ಎಲ್ಲಿ ಕೊರತೆಯಿದೆಯೋ ಅದನ್ನು ಕಲಿತು, ಹಾಗೆ ಮಾಡಿದ್ದೇನೆಂದು ಪ್ರತಿವರ್ಷ ಘೋಷಿಸಬೇಕು. ಪ್ರಾಮಾಣಿಕರಿಗೆ ಇದು ಗಂಟೆಗಿಂತ ಕಠಿಣ, ಉಳಿದವರಿಗೆ ಒಂದು ಸಹಿ. ಫಿಲಿಪ್ಪೀನ್ಸ್ ಇದರ ಇನ್ನೊಂದು ತುದಿ. ಮೂರು ವರ್ಷಕ್ಕೆ 36 ಗಂಟೆ ಮುಗಿಸಿದ ಪ್ರಮಾಣಪತ್ರದ ಸಂಖ್ಯೆಯನ್ನು ವಕೀಲರು ಕೋರ್ಟಿಗೆ ಸಲ್ಲಿಸುವ ಕಾಗದಪತ್ರದಲ್ಲೇ ನಮೂದಿಸಬೇಕು. ನಮೂದಿಸದಿದ್ದರೆ ಆ ಕಾಗದವನ್ನೇ ಕಡತದಿಂದ ತೆಗೆದುಹಾಕುವ ನಿಯಮವಿತ್ತು. ವಕೀಲ ಓದದ ತಪ್ಪಿಗೆ ಕಕ್ಷಿದಾರ ಕೇಸು ಕಳೆದುಕೊಳ್ಳುವುದು ಯಾವ ನ್ಯಾಯ? 2014ರಲ್ಲಿ ಅದನ್ನು ಬದಲಿಸಿ ಶಿಕ್ಷೆಯನ್ನು ವಕೀಲರ ಮೇಲೇ ಹಾಕಿದರು.

ನಮ್ಮ ಕಥೆ ಬಾಗಿಲ ಹತ್ತಿರವೇ ನಿಂತಿದೆ. ಹಿಂದೆ ಸೀನಿಯರ್ ಚೇಂಬರೇ ಪಾಠಶಾಲೆ. ಜೂನಿಯರ್ ಬೆಳಿಗ್ಗೆ ಕಡತ ಕಟ್ಟಿ, ಕೋರ್ಟಿನಲ್ಲಿ ವಾಯಿದೆ ಕೇಳಿ, ಸಂಜೆ ತೀರ್ಪುಗಳ ಎ.ಐ.ಆರ್. ಸಂಪುಟ ತಿರುವಿ ಕಲಿಯುತ್ತಿದ್ದ. 1961ರ ವಕೀಲರ ಅಧಿನಿಯಮದಲ್ಲಿ ಸನ್ನದಿಗೆ ಮುಂಚಿನ ತರಬೇತಿಗೆ ಅವಕಾಶವಿತ್ತು, 1973ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಇಪ್ಪತ್ತು ವರ್ಷ ಕಳೆದು 1995ರಲ್ಲಿ ಭಾರತೀಯ ವಕೀಲರ ಪರಿಷತ್ತು ನಿಯಮ ಮಾಡಿ ಒಂದು ವರ್ಷದ ತರಬೇತಿ ತರಲು ಹೊರಟಾಗ, ಶಾಸನವೇ ತೆಗೆದುಹಾಕಿದ್ದನ್ನು ನೀವು ನಿಯಮದ ಮೂಲಕ ಹಿಂದೆ ತರುವಂತಿಲ್ಲ ಎಂದು ಸುಪ್ರೀಂ ಕೋರ್ಟು 1999ರಲ್ಲಿ ವಿ. ಸುದೀರ್ ಪ್ರಕರಣದಲ್ಲಿ ತೀರ್ಪಿತ್ತಿತು. ನ್ಯಾಯಮೂರ್ತಿ ಜಗನ್ನಾಥ ರಾವ್ ಅಧ್ಯಕ್ಷತೆಯ ಕಾನೂನು ಆಯೋಗ 2002ರ ತನ್ನ 184ನೇ ವರದಿಯಲ್ಲಿ ಕಾನೂನು ಶಿಕ್ಷಣದ ಸುಧಾರಣೆಯನ್ನು ವಿಸ್ತಾರವಾಗಿ ಚರ್ಚಿಸಿತು. 2010ರಲ್ಲಿ ಪರಿಷತ್ತು ಬೇರೆ ದಾರಿ ಹಿಡಿದು ಅಖಿಲ ಭಾರತ ವಕೀಲರ ಪರೀಕ್ಷೆ ತಂದಿತು; ಮೊದಲ ಪರೀಕ್ಷೆ ನಡೆದದ್ದು 2011ರ ಮಾರ್ಚಿನಲ್ಲಿ. ನೂರು ಬಹುಆಯ್ಕೆ ಪ್ರಶ್ನೆ, ಆರಂಭದಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ. ಅದರ ಮೇಲೆಯೂ ವ್ಯಾಜ್ಯ. ಕೊನೆಗೆ 2023ರ ಫೆಬ್ರವರಿ 10ರಂದು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ನೇತೃತ್ವದ ಐವರ ಪೀಠ ಪರೀಕ್ಷೆ ನಡೆಸುವ ಅಧಿಕಾರವನ್ನು ಎತ್ತಿಹಿಡಿದು, ಸುದೀರ್ ತೀರ್ಪು ಸರಿಯಲ್ಲ ಎಂದಿತು. ಇಷ್ಟು ಹೋರಾಟವೂ ಒಳಗೆ ಬರುವವರ ಬಗ್ಗೆ. ಒಮ್ಮೆ ಒಳಗೆ ಬಂದವರನ್ನು ನಲವತ್ತು ವರ್ಷ ಯಾರೂ ಏನೂ ಕೇಳುವುದಿಲ್ಲ.

ಬೇರೆ ವೃತ್ತಿಗಳು ಹೀಗಿಲ್ಲ. ವೃತ್ತಿಯಲ್ಲಿರುವ ಚಾರ್ಟರ್ಡ್ ಅಕೌಂಟೆಂಟ್ ಮೂರು ವರ್ಷಕ್ಕೆ 120 ಗಂಟೆ ಕಲಿಯಬೇಕು. ವೈದ್ಯರಿಗೆ 2002ರ ನಿಯಮಾವಳಿ ಐದು ವರ್ಷಕ್ಕೆ 30 ಗಂಟೆ ಎಂದಿತು. ವೈದ್ಯರ ಮೇಲೆ ಗ್ರಾಹಕ ನ್ಯಾಯಾಲಯದ ಭಯವೂ ಇದೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯಿದೆಗೆ ಒಳಪಡುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟೇ ಹೇಳಿತು. ಒಳಗಿನಿಂದ ಒತ್ತಾಯವಿಲ್ಲ, ಹೊರಗಿನಿಂದಲೂ ಇಲ್ಲ.

ನಷ್ಟ ಎಲ್ಲಿ ಕಾಣುತ್ತದೆ? ಒಂದು ಸಿಸಿಟಿವಿ ದೃಶ್ಯ ತೆಗೆದುಕೊಳ್ಳಿ. ಪೆನ್ ಡ್ರೈವಿನಲ್ಲಿ ತಂದು ಕೋರ್ಟಿಗೆ ಕೊಟ್ಟರೆ ಅದು ಸಾಕ್ಷ್ಯವಾಗುವುದಿಲ್ಲ; ಹಳೆಯ ಕಾಯಿದೆಯ 65ಬಿ ಕಲಮಿನ ಪ್ರಮಾಣಪತ್ರ ಬೇಕಿತ್ತು. ಬೇಕೇ ಬೇಕು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2018ರಲ್ಲಿ ಸಡಿಲಿಸಿತು, 2020ರ ಜುಲೈಯಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಮತ್ತೆ ಬಿಗಿಮಾಡಿತು. ಈಗ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಆ ಪ್ರಮಾಣಪತ್ರಕ್ಕೆ ಎರಡು ಭಾಗ, ಒಂದು ಸಾಧನದ ಹೊಣೆ ಹೊತ್ತವರದು, ಇನ್ನೊಂದು ತಜ್ಞರದು, ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಎಂದರೆ ಕಡತದ ಒಳಗನ್ನು ಲೆಕ್ಕಹಾಕಿ ಬರುವ ಅಕ್ಷರ ಅಂಕಿಗಳ ಸಾಲು. ದೃಶ್ಯದಲ್ಲಿ ಒಂದು ಚುಕ್ಕೆ ಬದಲಾದರೂ ಸಾಲು ಬದಲಾಗುತ್ತದೆ. ಹತ್ತು ವರ್ಷದೊಳಗೆ ನಾಲ್ಕು ಸಲ ಮಗ್ಗುಲು ಬದಲಿಸಿದ ಈ ಒಂದು ವಿಷಯವನ್ನು ತಾಲ್ಲೂಕು ಕೋರ್ಟಿನ ವಕೀಲರು ತಾವಾಗಿಯೇ ಹಿಂಬಾಲಿಸಬೇಕೆಂದು ನಿರೀಕ್ಷಿಸುತ್ತೇವೆ. ಅದೂ ಇಂಗ್ಲಿಷಿನಲ್ಲಿ. ಸಾಕ್ಷಿಯ ಹೇಳಿಕೆ ಕನ್ನಡದಲ್ಲಿ ದಾಖಲಾಗುವ ಕೋರ್ಟುಗಳ ವಕೀಲರಿಗೆ ಕನ್ನಡದಲ್ಲೇ ಕಲಿಕೆ ಏರ್ಪಡದಿದ್ದರೆ ಎಷ್ಟು ಗಂಟೆ ಕಡ್ಡಾಯ ಮಾಡಿದರೂ ಸಂಕೇತಪದದ ಕಥೆಯೇ ಮರುಕಳಿಸುತ್ತದೆ.

ಸ್ವಂತ ಆಸಕ್ತಿಯ ಪ್ರಯತ್ನಗಳು ಇಲ್ಲವೆಂದಲ್ಲ. ಕೇರಳದ ವಕೀಲರ ಪರಿಷತ್ತು ಕೊಚ್ಚಿಯಲ್ಲಿ ನಿರಂತರ ಕಾನೂನು ಶಿಕ್ಷಣಕ್ಕೆಂದೇ ಅಕಾಡೆಮಿ ಕಟ್ಟಿ, ಅದಕ್ಕೆ ಎಂ.ಕೆ. ನಂಬಿಯಾರ್ ಹೆಸರಿಟ್ಟಿದೆ. ಮುನ್ನೆಚ್ಚರಿಕೆ ಬಂಧನದ ಮೇಲಿನ 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ವಾದಿಸಿದ ನಂಬಿಯಾರ್ ಮೊದಲು ವಕೀಲಿಕೆ ಮಾಡುತ್ತಿದ್ದದ್ದು ನಮ್ಮ ಮಂಗಳೂರಿನಲ್ಲಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿದ ಎನ್.ಆರ್. ಮಾಧವ ಮೆನನ್ ಕೊನೆಯವರೆಗೂ ವಕೀಲರ ತರಬೇತಿಯ ಮಾತೆತ್ತುತ್ತಿದ್ದರು.

ಆದರೆ ನನಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ. 2007ರಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ಶುರುವಾದ ಆ ಕೇಂದ್ರದಲ್ಲಿ ಮಧ್ಯಸ್ಥಗಾರರಾಗಬೇಕಾದರೆ ವಕೀಲರು 40 ಗಂಟೆಯ ತರಬೇತಿ ಮುಗಿಸಲೇಬೇಕು. ಅದರಲ್ಲಿ ಬಹುಪಾಲು ಕೇಳುವುದಲ್ಲ, ಮಾಡುವುದು: ಒಬ್ಬರು ಜಗಳವಾಡುವ ಗಂಡ, ಒಬ್ಬರು ಹೆಂಡತಿ, ಒಬ್ಬರು ನಡುವೆ ಕೂತವರು, ಮುಗಿದ ಮೇಲೆ ಎಲ್ಲಿ ಎಡವಿದಿರಿ ಎಂದು ಗುರುವಿನ ವಿಮರ್ಶೆ. ಇಪ್ಪತ್ತು ಮೂವತ್ತು ವರ್ಷ ವಾದ ಮಾಡಿದ ಹಿರಿಯರೂ ಆ ಪಾತ್ರ ಹಾಕಿ ಕಲಿತರು. ಕಡ್ಡಾಯಕ್ಕೆ ಗೊಣಗಲಿಲ್ಲ, ಏಕೆಂದರೆ ಗಂಟೆಗಳು ಒಂದು ನಿರ್ದಿಷ್ಟ ಕೆಲಸಕ್ಕೆ ಅಂಟಿಕೊಂಡಿದ್ದವು. ವಿದ್ಯುನ್ಮಾನ ಸಾಕ್ಷ್ಯ ಮಂಡಿಸುವವರಿಗೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪೋಕ್ಸೊ ಪ್ರಕರಣದಲ್ಲಿ ಮಗುವಿಗೆ ಪಾಟೀಸವಾಲು ಮಾಡುವವರಿಗೆ ಇದೇ ಬಗೆಯ ತರಬೇತಿ ಏಕಾಗಬಾರದು? ಅಧಿಕಾರ ಇಲ್ಲ ಎಂಬ ಹಳೆಯ ನೆಪ 2023ರ ತೀರ್ಪಿನ ನಂತರ ಬಲ ಕಳೆದುಕೊಂಡಿದೆ. ವಕೀಲಿಕೆ ನಡೆಸುವ ಹಕ್ಕಿಗೆ ಷರತ್ತು ವಿಧಿಸಿ ನಿಯಮ ಮಾಡಲು ಅಧಿನಿಯಮದ 49(1)(ಎಹೆಚ್) ಕಲಮು ಪರಿಷತ್ತಿಗೆ ಅವಕಾಶ ಕೊಟ್ಟಿದೆ. ಆದರೆ ರಾಜ್ಯ ಪರಿಷತ್ತುಗಳ ಮೂಲಕ ಪರಿಷತ್ತಿನ ಸದಸ್ಯರನ್ನು ಆರಿಸಿ ಕಳಿಸುವವರು ವಕೀಲರೇ. ಮತ ಹಾಕುವವರಿಗೆ ಓದು ಕಡ್ಡಾಯ ಮಾಡುತ್ತೇನೆಂದು ಪ್ರಚಾರ ಮಾಡಿ ಗೆದ್ದ ಅಭ್ಯರ್ಥಿಯನ್ನು ನಾನಿನ್ನೂ ನೋಡಬೇಕು.