ಲವ್‌ಡೇಲಿನ ಚರ್ಚು: ಬೀಗದ ಕೈ ಯಾರದು?

ಅಕ್ಷರ ಕೊಟ್ಟವರು ಅಧಿಕಾರವನ್ನೂ ಕೊಟ್ಟಾರು ಎಂದು ಕಾದು ಕೂತವರು ಚರಿತ್ರೆಯಲ್ಲಿ ಬೇಕಾದಷ್ಟು ಜನ. ಕಾಯದೆ ಎದ್ದು ನಡೆದವರ ಕತೆಯೊಂದು ದಕ್ಷಿಣ ಆಫ್ರಿಕದಲ್ಲಿದೆ. ಅದನ್ನು ನಾವು ಓದಬೇಕು.

ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಪಾದ್ರಿಗಳು 1824ರಲ್ಲಿ ಖೋಸಾ ಜನರ ನಡುವೆ ಹೂಡಿದ ಮಿಷನ್ನಿಗೆ ಲವ್‌ಡೇಲ್ ಎಂದು ಹೆಸರಾಯಿತು. 1841ರಲ್ಲಿ ಅಲ್ಲಿ ದೊಡ್ಡ ಶಾಲೆ ತೆರೆಯಿತು. ಬ್ರಿಟಿಷರ ಬಂದೂಕು ಖೋಸಾ ಜನರ ನೆಲ, ದನ ಕಿತ್ತುಕೊಳ್ಳುತ್ತಿದ್ದ ಕಾಲ ಅದು. ಅದೇ ಹೊತ್ತಿಗೆ ಮಿಷನ್ ಸ್ಲೇಟು, ಬಳಪ ಕೊಟ್ಟಿತು. ಅಚ್ಚುಕೂಟದಿಂದ ಖೋಸಾ ಭಾಷೆಯ ಪುಸ್ತಕ ಕೊಟ್ಟಿತು. ಮೇಷ್ಟ್ರುಗಳು, ಪತ್ರಕರ್ತರು, ಪಾದ್ರಿಗಳು ಅಲ್ಲಿಂದ ಹೊರಬಂದರು. ಇದೇನು ಕಮ್ಮಿ ಮಾತಲ್ಲ. ಆದರೆ ಕರಿಯ ಹುಡುಗ, ಬಿಳಿಯ ಹುಡುಗ ಒಂದೇ ತರಗತಿಯಲ್ಲಿ ಪಾಠ ಕೇಳಿದರೂ ಊಟಕ್ಕೆ ಬೇರೆ ಬೇರೆ ಮೇಜು. ಪಂಕ್ತಿಭೇದ ಅಂದರೆ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಪಂಬಾನಿ ಜೆರೆಮಾಯ ಮ್ಜಿಂಬಾ ಇದೇ ಲವ್‌ಡೇಲಿನಲ್ಲಿ ಓದಿದವರು. 1875ರಲ್ಲಿ ದೀಕ್ಷೆ ಪಡೆದು ಅಲ್ಲಿನ ಸಭೆಗೇ ಪಾದ್ರಿಯಾದರು. 1893ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಚರ್ಚಿನ ಕಟ್ಟಡಕ್ಕೆಂದು ಹಣ ಕೂಡಿಸಿ ತಂದರು. ಜಗಳ ಹುಟ್ಟಿದ್ದೇ ಆಗ. ಆ ಹಣ ಯಾರ ಕೈಯಲ್ಲಿರಬೇಕು? ಬೋಧನೆ ಮಾಡಲು ಕರಿಯ ಪಾದ್ರಿ ಸೈ, ಲೆಕ್ಕ ಇಡಲು ಮಾತ್ರ ಬಿಳಿಯ ದೊರೆಯೇ ಬೇಕೆ?

1898ರಲ್ಲಿ ಮ್ಜಿಂಬಾ ಹೊರನಡೆದರು. ಸಭೆಯ ಬಹುಪಾಲು ಜನ ಅವರ ಹಿಂದೆ ಹೊರಟರು. ಪ್ರೆಸ್ಬಿಟೇರಿಯನ್ ಚರ್ಚ್ ಆಫ್ ಆಫ್ರಿಕ ಹುಟ್ಟಿದ್ದು ಹಾಗೆ. ಮಿಷನ್ ಕೋರ್ಟಿಗೆ ಹೋಗಿ ಆಸ್ತಿಯನ್ನು ಗೆದ್ದುಕೊಂಡಿತು. ಜನರನ್ನು ಗೆಲ್ಲಲಿಲ್ಲ. ಹೊಸ ಚರ್ಚು ತನ್ನ ಹುಡುಗರನ್ನು ಅಮೆರಿಕದ ಕರಿಯರ ಕಾಲೇಜುಗಳಿಗೂ ಓದಲು ಕಳಿಸಿತು. ಕರಿಯರು ತಾವಾಗಿ ಚರ್ಚು ಕಟ್ಟಿಕೊಳ್ಳುವುದನ್ನು ಕಂಡು ಸರ್ಕಾರಕ್ಕೇ ದಿಗಿಲು. 1903ರಲ್ಲಿ ನೇಮಿಸಿದ ಆಯೋಗ ಇದನ್ನೂ ವಿಚಾರಿಸಿತು.

ಮಿಷನ್ನಿನವರು ಕೊನೆಗೆ ಆಫ್ರಿಕನ್ನರಿಗೆಂದು ಬಂಟು ಪ್ರೆಸ್ಬಿಟೇರಿಯನ್ ಚರ್ಚನ್ನು ಬೇರೆ ಮಾಡಿದ್ದು 1923ರಲ್ಲಿ, ಅಂದರೆ ಇಪ್ಪತ್ತೈದು ವರ್ಷದ ಮೇಲೆ. ಬಿಳಿಯರೇ ಹೆಚ್ಚಾಗಿದ್ದ ಚರ್ಚಿನೊಡನೆ ಅದು ಒಂದಾದದ್ದು 1999ರಲ್ಲಿ, ವರ್ಣಭೇದದ ಸರ್ಕಾರ ಬಿದ್ದ ಮೇಲೆ. ಈ ನಡುವೆ 1953ರ ಬಂಟು ಶಿಕ್ಷಣ ಕಾಯ್ದೆ ಮಿಷನ್ ಶಾಲೆಗಳನ್ನೇ ನುಂಗಿಹಾಕಿತ್ತು. ಕರಿಯರ ಮಕ್ಕಳು ಕೂಲಿಗೆ ಬೇಕಾದಷ್ಟೇ ಕಲಿತರೆ ಸಾಕು ಎಂಬುದು ಆ ಕಾಯ್ದೆಯ ಲೆಕ್ಕ.

ಲವ್‌ಡೇಲ್ ಕೊಟ್ಟ ಅಕ್ಷರವನ್ನು ನಾವು ಹಳಿಯುವುದಿಲ್ಲ. ಮ್ಜಿಂಬಾ ಕೂಡ ಅದನ್ನು ಬಿಸಾಡಲಿಲ್ಲ, ಜೊತೆಗೇ ಒಯ್ದರು. ಅವರು ಬಿಟ್ಟುಹೋದದ್ದು ಇನ್ನೊಬ್ಬರ ಸೊಂಟದಲ್ಲಿದ್ದ ಬೀಗದ ಕೈಯನ್ನು ಮಾತ್ರ.