ನೋವಿನ ಮದ್ದು: ಕಾನೂನು ಕಲಿಸದ ಪಾಠ

ಕನ್ನಡದ ‘ಮದ್ದು’ ಎಂಬ ಮಾತಿಗೆ ಮೂರು ಮುಖ. ಕಾಯಿಲೆ ವಾಸಿ ಮಾಡುವುದೂ ಮದ್ದೇ, ಬಂದೂಕಿಗೆ ತುಂಬುವುದೂ ಮದ್ದೇ. ‘ಯಾರೋ ಮದ್ದು ಹಾಕಿದ್ದಾರೆ’ ಎಂದಾಗ ಅದು ಊಟದಲ್ಲಿ ಕದ್ದು ಬೆರೆಸಿದ ವಿಷ. ಈ ಮೂರೂ ಅರ್ಥಗಳು ಒಟ್ಟಿಗೆ ಹೊಂದುವ ವಸ್ತು ಒಂದಿದ್ದರೆ ಅದು ಅಫೀಮು. ಅದು ನೋವನ್ನು ತಣಿಸಿದೆ, ಮನೆಗಳನ್ನು ಹಾಳು ಮಾಡಿದೆ. 19ನೇ ಶತಮಾನದಲ್ಲಿ ಅದರ ವ್ಯಾಪಾರಕ್ಕಾಗಿ ಚೀನಾದ ಮೇಲೆ ಎರಡು ಯುದ್ಧಗಳೂ ನಡೆದವು.

ಹಬ್ಬದ ಪಾಯಸಕ್ಕೆ ಬಳಸುವ ಗಸಗಸೆ ಬರುವುದು ಇದೇ ಗಿಡದಿಂದ. ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಚರಕ, ಸುಶ್ರುತ ಸಂಹಿತೆಗಳಲ್ಲಿ ಇದರ ಪ್ರಸ್ತಾಪವಿಲ್ಲ. ಅರಬರ ‘ಅಫ್ಯೂನ್’ ಮುಂದೆ ಶಾರ್ಙ್ಗಧರ ಸಂಹಿತೆಯ ಕಾಲಕ್ಕೆ ‘ಅಹಿಫೇನ’ವಾಯಿತು. ಹಾವಿನ ನೊರೆ ಎಂದು ಅದರ ಅರ್ಥ. 1805ರ ಸುಮಾರಿಗೆ ಜರ್ಮನಿಯ ಸರ್ಟ್ಯುರ್ನರ್ ಎಂಬ ಔಷಧ ತಯಾರಕ ಅಫೀಮಿನ ಸತ್ವವನ್ನು ಬೇರ್ಪಡಿಸಿದ. ಅದೇ ಮಾರ್ಫೀನ್.

ಭಾರತದಲ್ಲಿ ಅಫೀಮು ಮೊದಲು ಸರಕಾರದ ಬೊಕ್ಕಸದ ವಿಷಯವಾಯಿತು, ಆಮೇಲೆ ಪೊಲೀಸರ ವಿಷಯವಾಯಿತು. ಘಾಜಿಪುರದ ಅಫೀಮು ಕಾರ್ಖಾನೆ ಆರಂಭವಾದದ್ದು 1820ರಲ್ಲಿ. 1878ರ ಕಾಯಿದೆ ಬೆಳೆ, ಮಾರಾಟ, ತೆರಿಗೆ ಎಲ್ಲವನ್ನೂ ಸರಕಾರದ ಹಿಡಿತಕ್ಕೆ ತಂದಿತು. ಸ್ವಾತಂತ್ರ್ಯಾನಂತರ, ಚಿಕಿತ್ಸೆಗಲ್ಲದ ಬಳಕೆಯನ್ನು ಹತ್ತು ವರ್ಷಗಳಲ್ಲಿ ನಿಲ್ಲಿಸಬೇಕೆಂದು 1949ರಲ್ಲಿ ತೀರ್ಮಾನವಾಯಿತು. 1985ರಲ್ಲಿ ಬಂದ ಮಾದಕ ವಸ್ತುಗಳ ಕಾಯಿದೆಯ ಶಿಕ್ಷೆ ಎಷ್ಟು ಕಠಿಣವಾಗಿತ್ತೆಂದರೆ, ಮಾರ್ಫೀನ್ ಇಟ್ಟುಕೊಳ್ಳಲು ಆಸ್ಪತ್ರೆಗಳೇ ಹಿಂಜರಿದವು. 1997ರಲ್ಲಿ ಇಡೀ ದೇಶದ ರೋಗಿಗಳಿಗೆ ಬಳಕೆಯಾದ ಮಾರ್ಫೀನ್ ಕೇವಲ 18 ಕಿಲೋ. ಔಷಧಕ್ಕಾಗಿ ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಗಳಿಗೆ ಕಳುಹಿಸುತ್ತಿದ್ದ ನಾಡಿನಲ್ಲೇ ಕ್ಯಾನ್ಸರ್ ರೋಗಿಗಳು ನೋವಿನಿಂದ ನರಳುತ್ತಿದ್ದರು.

ಪರಿಹಾರದ ದಾರಿಯೊಂದು ತೆರೆದದ್ದು ನಮ್ಮ ಗಡಿಯ ಆಚೆಗೆ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಬಂಡೀಪುರದ ಕಾಡಂಚಿಗೆ ಮದ್ದೂರು ಎಂಬ ಊರಿದೆ. ವಡೆಗೆ ಹೆಸರಾದ ಮಂಡ್ಯ ಜಿಲ್ಲೆಯ ಮದ್ದೂರು ಇದಲ್ಲ. ಇಲ್ಲಿನ ತನಿಖಾ ಠಾಣೆ ದಾಟಿದ ಹೆದ್ದಾರಿ ಸುಲ್ತಾನ್ ಬತ್ತೇರಿಯ ಮೂಲಕ ಕಲ್ಲಿಕೋಟೆ ತಲುಪುತ್ತದೆ. ಆ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು 1993ರಲ್ಲಿ ನೋವು ಉಪಶಮನಕ್ಕಾಗಿ ಸಂಘವೊಂದನ್ನು ಕಟ್ಟಿದರು. ಮಾರ್ಫೀನ್ ಕೊಡುವುದರ ಜೊತೆಗೆ ರೋಗಿಗೂ ಮನೆಯವರಿಗೂ ಅದನ್ನು ಯಾವಾಗ, ಎಷ್ಟು, ಹೇಗೆ ಕೊಡಬೇಕೆಂದು ಕಲಿಸುವುದೂ ಅವರ ಕೆಲಸದ ಭಾಗವಾಗಿತ್ತು. ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ‘ಕರುಣಾಶ್ರಯ’ ಹುಟ್ಟಿತು. 2014ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ, ಮಾರ್ಫೀನಿನಂಥ ಅಗತ್ಯ ಔಷಧಗಳಿಗೆ ಇದ್ದ ಅಡೆತಡೆಗಳನ್ನು ಸಡಿಲಿಸಿತು.

ನಾವು ಔಷಧ ಸಿಗದೆ ಪರದಾಡುತ್ತಿದ್ದ ವರ್ಷಗಳಲ್ಲೇ ಅಮೆರಿಕ ಅದಕ್ಕೆ ವಿರುದ್ಧವಾದ ತಪ್ಪು ಮಾಡಿತು. 1996ರಲ್ಲಿ ಪರ್ಡ್ಯೂ ಕಂಪನಿ ‘ಆಕ್ಸಿಕಾಂಟಿನ್’ ಎಂಬ ಅಫೀಮು ಜಾತಿಯ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಚಟ ಹಿಡಿಯುವ ಅಪಾಯ ಕಡಿಮೆ ಎಂಬ ಪ್ರಚಾರ ನಂಬಿ ವೈದ್ಯರು ಸೊಂಟನೋವು, ಕೀಲುನೋವುಗಳಿಗೂ ಅದನ್ನು ಬರೆದುಕೊಟ್ಟರು. ಆ ಪ್ರಚಾರ ಹಾದಿತಪ್ಪಿಸುವಂಥದ್ದೆಂದು ಪರ್ಡ್ಯೂ ಸಮೂಹದ ಕಂಪನಿಯೇ 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಮಾತ್ರೆಯಿಂದ ಶುರುವಾದ ಪಿಡುಗು ಮುಂದೆ ಹೆರಾಯಿನ್, ಫೆಂಟಾನಿಲ್‌ಗಳಿಗೆ ಹಬ್ಬಿತು. 2021ರ ಒಂದೇ ವರ್ಷದಲ್ಲಿ ಇಂಥ ಪದಾರ್ಥಗಳ ಅತಿಸೇವನೆಯಿಂದ ಅಲ್ಲಿ ಸುಮಾರು 80 ಸಾವಿರ ಜನ ಸತ್ತರು.

ಇದು ದೂರದ ದೇಶದ ಸುದ್ದಿ ಮಾತ್ರವಲ್ಲ. ಗುಂಡ್ಲುಪೇಟೆ ಸೀಮೆಯ ಅರಿಶಿನದ, ಚೆಂಡುಹೂವಿನ ಹೊಲಗಳಲ್ಲಿ ದಿನವಿಡೀ ಬಗ್ಗಿ ದುಡಿಯುವವರಿಗೆ ಸೊಂಟನೋವು ಹೊಸದಲ್ಲ. ನಮ್ಮಲ್ಲಿ ನೋವಿಗೆ ಕೊಡುವ ಟ್ರಮಡಾಲ್ ಕೂಡ ಅಫೀಮು ಜಾತಿಯದೇ. ಅದು ದುರುಪಯೋಗವಾಗುತ್ತಿದೆ ಎಂದು ಸರಕಾರ 2018ರಲ್ಲಿ ಅದನ್ನೂ ಮಾದಕ ವಸ್ತು ಕಾಯಿದೆಯ ಅಡಿಗೆ ತಂದಿತು. ಆದರೆ ಹಳೆಯ ಚೀಟಿ ಹಿಡಿದು ಅದೇ ಮಾತ್ರೆ ಕೇಳುವ ರೋಗಿಗೆ ಅದರ ಗುಣ-ದೋಷ ತಿಳಿಸಿ ಹೇಳುವ ಕೆಲಸವನ್ನು ಯಾವ ಕಾಯಿದೆಯೂ ಮಾಡಲಾರದು.

ತಿಳಿಸಬೇಕಾದದ್ದು ಏನು? ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ, ಕ್ಯಾನ್ಸರಿನ ನೋವಿಗೆ ಈ ಔಷಧಗಳು ನಿಜಕ್ಕೂ ವರ. ವರ್ಷಗಟ್ಟಲೆ ಕಾಡುವ ಸೊಂಟನೋವು, ಮಂಡಿನೋವಿನ ವಿಷಯ ಬೇರೆ. ಅಂಥ 240 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಸಾಧಾರಣ ನೋವುಶಾಮಕಗಳಿಗಿಂತ ಇವು ಹೆಚ್ಚಿನ ಉಪಕಾರ ಮಾಡಿರಲಿಲ್ಲ. ದಿನ ಕಳೆದಂತೆ ದೇಹ ಔಷಧಕ್ಕೆ ಒಗ್ಗುತ್ತದೆ. ನಿನ್ನೆ ಒಂದು ಮಾತ್ರೆಯಿಂದ ಸಿಕ್ಕ ನೆಮ್ಮದಿಗೆ ಇಂದು ಎರಡು ಬೇಕಾಗುತ್ತದೆ. ಕೆಲವರಲ್ಲಿ ಔಷಧವೇ ನೋವಿನ ಸೂಕ್ಷ್ಮತೆಯನ್ನು ಹೆಚ್ಚಿಸುವುದೂ ಉಂಟು.

ಹಾಗೆಂದು ಒಮ್ಮೆಲೇ ನಿಲ್ಲಿಸುವುದು ಇನ್ನೂ ಅಪಾಯ. ಬೆವರು, ಭೇದಿ, ನಿದ್ದೆಗೇಡು, ಚಡಪಡಿಕೆ ಕಾಣಿಸಿಕೊಂಡು ನೋವು ಮೊದಲಿಗಿಂತ ಜೋರಾಗಿ ಮರಳಬಹುದು. ದೇಹ ಒಗ್ಗಿಕೊಂಡಿರುವುದರ ಲಕ್ಷಣ ಅದು. ರೋಗಿಯ ನಡತೆಗೆ ಅದರಿಂದ ಕಳಂಕವಿಲ್ಲ. ಒಂದು ವರ್ಷಕ್ಕೂ ಮಿಗಿಲಾಗಿ ಸೇವಿಸಿದವರಿಗೆ ತಿಂಗಳಿಗೆ ಶೇ. 10ರಷ್ಟು, ಅಥವಾ ಅದಕ್ಕಿಂತಲೂ ನಿಧಾನವಾಗಿ ಇಳಿಸುವುದು ಸಹ್ಯವೆಂದು ಅಮೆರಿಕದ 2022ರ ಮಾರ್ಗದರ್ಶಿ ಹೇಳುತ್ತದೆ. ಇದು ವೈದ್ಯರ ಕಣ್ಣಳತೆಯಲ್ಲೇ ನಡೆಯಬೇಕು.

ಕಲಿಸಿದರೆ ಪ್ರಯೋಜನವುಂಟೇ? ಇಂಗ್ಲೆಂಡಿನಲ್ಲಿ 608 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಡುತ್ತದೆ. ಮೂರು ದಿನಗಳ ಗುಂಪು ತರಗತಿ ಮತ್ತು ದಾದಿಯರ ನೆರವು ಪಡೆದವರಲ್ಲಿ ಶೇ. 29ರಷ್ಟು ಜನ ವರ್ಷದೊಳಗೆ ಈ ಔಷಧಗಳನ್ನು ಪೂರ್ತಿ ಬಿಟ್ಟಿದ್ದರು. ಮಾಮೂಲಿ ಚಿಕಿತ್ಸೆಯ ಜೊತೆ ಕೈಪಿಡಿ, ಧ್ವನಿಮುದ್ರಿಕೆ ಮಾತ್ರ ಪಡೆದವರಲ್ಲಿ ಬಿಟ್ಟವರು ಶೇ. 7. ನೋವಿನಿಂದ ದಿನನಿತ್ಯದ ಬದುಕಿಗೆ ಆಗುವ ಅಡ್ಡಿಯಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಶಿಕ್ಷಣ ನೋವನ್ನು ಅಳಿಸಲಿಲ್ಲ. ಮಾತ್ರೆ ಬಿಟ್ಟರೆ ಬದುಕು ಇನ್ನಷ್ಟು ದುಸ್ತರವಾಗುತ್ತದೆ ಎಂಬ ಭಯವನ್ನಂತೂ ಕಳೆಯಿತು.

ಒಂದೇ ಊರಿನ ಒಂದು ಮನೆಯಲ್ಲಿ ಕ್ಯಾನ್ಸರ್ ರೋಗಿಗೆ ಮಾರ್ಫೀನ್ ಸಿಗಬೇಕು. ಪಕ್ಕದ ಮನೆಯ ಸೊಂಟನೋವಿನವರಿಗೆ ಮಾತ್ರೆ ಮೆಲ್ಲಗೆ ಕಡಿಮೆಯಾಗಬೇಕು. ಎರಡಕ್ಕೂ ಒಂದೇ ಕಾನೂನು ಹೊಂದುವುದಿಲ್ಲ. ರೋಗಿಯ ಎದುರು ಕುಳಿತು, ಅವರ ಭಾಷೆಯಲ್ಲಿ, ಅವಸರವಿಲ್ಲದೆ ಆಡುವ ಹತ್ತು ನಿಮಿಷದ ಮಾತು ಮಾತ್ರ ಎರಡೂ ಕಡೆ ಸಲ್ಲುತ್ತದೆ.